ಸಣ್ಣ ಉರಿಯ ಖೀಮಾ ಉಂಡೆ

ಬೆಳಗಾವಿಯ ಶಹಾಪುರದಲ್ಲಿ ಮಗ್ಗದ ಸದ್ದು ಕೇಳಿಬರುವ ಓಣಿಗಳು ಇಂದಿಗೂ ಉಂಟು. ಕೈಮಗ್ಗದ ಕಾಲದಲ್ಲಿ ಹೆಸರು ಪಡೆದ ಶಹಾಪುರದ ಸೀರೆಯನ್ನು ಈಗ ಬಹುಮಟ್ಟಿಗೆ ವಿದ್ಯುತ್ ಮಗ್ಗಗಳೇ ನೇಯುತ್ತವೆ. ಮಗ್ಗ ಬದಲಾದರೂ ಮನೆಯ ಹೆಣ್ಣುಮಕ್ಕಳ ದುಡಿಮೆ ಅಷ್ಟಾಗಿ ಬದಲಾಗಿಲ್ಲ. ನೂಲನ್ನು ಕಂಡಿಕೆಗೆ ಸುತ್ತಿಕೊಡುವ ಕೆಲಸ ಬಹುತೇಕ ಅವರದೇ. ಕಂಡಿಕೆ ತೀರಿದರೆ ಲಾಳಿ ನಿಲ್ಲುತ್ತದೆ. ಲಾಳಿ ನಿಂತರೆ ಮಗ್ಗ ನಿಂತಂತೆ, ಆ ದಿನದ ಕೂಲಿಯೂ ನಿಂತಂತೆ. ಇಂತಹ ಮನೆಯಲ್ಲಿ ಒಲೆಯ ಮುಂದೆ ಎರಡು ಗಂಟೆ ನಿಂತು ಸವಟು ಆಡಿಸುವ ಬಿಡುವು ಯಾರಿಗೆ ಇದ್ದೀತು?

ಇಂಥದೊಂದು ಮನೆಗೆ ದೀಪಾವಳಿಯ ಹೊತ್ತಿನಲ್ಲಿ ಹೊಸ ಪಾತ್ರೆಯೊಂದು ಬಂದಿತು. ಪುಣೆಯಲ್ಲಿರುವ ಅಣ್ಣನು ತಂಗಿಗೆಂದು ತಂದ ಭಾವುಬೀಜದ ಉಡುಗೊರೆ ಅದು. ಹೊರಗೆ ಲೋಹದ ಕವಚ, ಒಳಗೆ ದಪ್ಪನೆಯ ಪಿಂಗಾಣಿ ಗಡಿಗೆ, ಮೇಲೆ ಗಾಜಿನ ಮುಚ್ಚಳ. ಗುಂಡಿ ತಿರುಗಿಸಿದರೆ ಮಂದ, ಜೋರು, ಬೆಚ್ಚಗೆ ಎಂಬ ಮೂರು ನೆಲೆಗಳು. ಸ್ಲೋ ಕುಕ್ಕರ್ ಎಂಬುದು ಇದರ ಹೆಸರು. ಹೆಸರು ಕೇಳಿ ಇದನ್ನು ಪ್ರೆಶರ್ ಕುಕ್ಕರಿನ ತಂಗಿಯೆಂದು ಭಾವಿಸಿದವರು ಮೋಸಹೋಗುತ್ತಾರೆ. ಎರಡರ ಸ್ವಭಾವವೂ ಒಂದಕ್ಕೊಂದು ವಿರುದ್ಧ. ಅದು ಹಬೆಯನ್ನು ಒಳಗೆ ಬಂಧಿಸಿ, ನೀರಿನ ಕುದಿಯುವ ಬಿಂದುವನ್ನೇ ಮೇಲಕ್ಕೇರಿಸಿ, ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅವಸರದಿಂದ ಕೆಲಸ ಮುಗಿಸುತ್ತದೆ. ಇದು ಕುದಿಯುವ ಅಂಚಿನಲ್ಲಿ ನಿಂತು ಗಂಟೆಗಟ್ಟಲೆ ಕಾಯುತ್ತದೆ.

ಹೊಸ ಪಾತ್ರೆಯ ಮೊದಲ ಅಡಿಗೆ ಒಂದು ರವಿವಾರ ನಡೆಯಿತು. ಮದುವೆಯ ಹಂಗಾಮು; ಮಗ್ಗಕ್ಕೆ ರಜೆ ಇರಲಿಲ್ಲ. ಗಂಡನು ಬೆಳಿಗ್ಗೆಯೇ ಅರ್ಧ ಕಿಲೋ ಕುರಿಯ ಖೀಮಾ ತಂದುಕೊಟ್ಟನು. ಸೊಸೆ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟಳು. ಹನ್ನೊಂದು ಗಂಟೆಗೆ ಆ ತಣ್ಣನೆಯ ಉಂಡೆಗಳನ್ನು ತಣ್ಣನೆಯ ಮಸಾಲೆ ನೀರಿನಲ್ಲಿ ಬಿಟ್ಟು, ಗುಂಡಿಯನ್ನು ಮಂದಕ್ಕೆ ತಿರುಗಿಸಿ, ಕಂಡಿಕೆಯ ಕೋಣೆಗೆ ಹೋದಳು. ಮನಸ್ಸು ನಿಲ್ಲದೆ ನಡುನಡುವೆ ನಾಲ್ಕು ಸಲ ಬಂದು ಮುಚ್ಚಳ ತೆಗೆದು ನೋಡಿದಳು. ಹನ್ನೆರಡೂವರೆಗೆ ವಿದ್ಯುತ್ತು ಹೋಯಿತು. ಮಗ್ಗಗಳೂ ನಿಂತವು. ಆ ಬಿಡುವಿನಲ್ಲಿ ಅವಳು ಬಟ್ಟೆ ಒಗೆದು ಹರವಿ ಬಂದಳು. ಗಡಿಗೆ ಮುಚ್ಚಿಯೇ ಇದೆ, ಬಿಸಿ ಎಲ್ಲಿಗೆ ಹೋದೀತು ಎಂದುಕೊಂಡಳು. ಮೂರು ಗಂಟೆಗೆ ವಿದ್ಯುತ್ತು ಮರಳಿತು. ನಾಲ್ಕಕ್ಕೆ ಎಲೆ ಹಾಕಿದರು. ಬಡಿಸುವ ಮೊದಲು ಅತ್ತೆ ಒಂದು ಉಂಡೆಯನ್ನು ಬೆರಳಿನಿಂದ ಮುರಿದು ಬೆಳಕಿಗೆ ಹಿಡಿದಳು.

"ಮ್ಯಾಲೆ ಬೆಂದೈತಿ, ಒಳಗ ಇನ್ನೂ ಕೆಂಪೈತಿ. ಹುಡುಗರಿಗೆ ಹಾಕಬ್ಯಾಡ ಮಗಳ."

"ಇನ್ನೊಂದು ತಾಸು ಇಟ್ಟರ ಬೇಯತೈತೇನ್ರೀ ಅತ್ತೀ?"

"ಬೇಯತೈತಿ. ಆದರ ಮುಂಜಾನಿಂದ ಉಗುರುಬೆಚ್ಚಗ ಕುಂತ ಮಾಂಸ ಅದು. ನಾ ಅಂತೂ ಯಾರಿಗೂ ಹಾಕಾಂಗಿಲ್ಲ."

ಅಂದಿನ ಊಟ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನಲ್ಲಿ ಮುಗಿಯಿತು. ಚೆಲ್ಲಿದ್ದು ಬರೀ ಮಾಂಸವಲ್ಲ. ಸೊಸೆಯ ಎರಡು ದಿನದ ಕಂಡಿಕೆಯ ಗಳಿಕೆ. ಎಲ್ಲ ಬಿಟ್ಟು ಒಲೆಯ ಮುಂದೆ ನಿಂತಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಗಂಡನು ಗೊಣಗಿದನು. ಒಲೆಯ ಮುಂದೆ ಅವಳು ನಿಂತಿದ್ದರೆ ಕಂಡಿಕೆಯನ್ನು ಯಾರು ಸುತ್ತುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ಅತ್ತೆ ಹೇಳಿದ್ದು ಅಕ್ಷರಶಃ ಸರಿ. ಮಾಂಸದ ಇಡೀ ತುಂಡಿನಲ್ಲಿ ರೋಗಾಣುಗಳು ಇದ್ದರೆ ಬಹುಮಟ್ಟಿಗೆ ಮೇಲ್ಮೈಯಲ್ಲಿರುತ್ತವೆ. ಕುದಿಯುವ ಸಾರು ತಗಲಿದೊಡನೆ ಅವು ಸಾಯುತ್ತವೆ. ಅದೇ ತುಂಡನ್ನು ಯಂತ್ರದಲ್ಲಿ ಕೊಚ್ಚಿ ಖೀಮಾ ಮಾಡಿದಾಗ ಮೇಲಿದ್ದುದೆಲ್ಲ ಒಳಗೆ ಬೆರೆಯುತ್ತದೆ. ಉಂಡೆ ಕಟ್ಟಿದ ಮೇಲಂತೂ ಅದರ ನಟ್ಟನಡುವಿನಲ್ಲಿಯೂ ಅವು ಇರಬಹುದು. ಆದುದರಿಂದಲೇ ಉಂಡೆಯ ನಡುವಿನ ಶಾಖ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕೆಂದು ಆಹಾರ ತಜ್ಞರು ವಿಧಿಸಿದ್ದಾರೆ. ಸುಮಾರು 5ರಿಂದ 60 ಡಿಗ್ರಿಯವರೆಗಿನ ಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ಅವುಗಳಲ್ಲಿ ಕೆಲವು ಬಿಟ್ಟುಹೋಗುವ ವಿಷ ಆಮೇಲೆ ಕುದಿಸಿದರೂ ನಾಶವಾಗುವುದಿಲ್ಲ. ತಣ್ಣನೆಯ ಉಂಡೆ, ತಣ್ಣನೆಯ ನೀರು, ಮಂದ ಶಾಖ, ಪದೇ ಪದೇ ತೆರೆದ ಮುಚ್ಚಳ, ಅದರ ಮೇಲೆ ಎರಡೂವರೆ ಗಂಟೆ ವಿದ್ಯುತ್ತಿಲ್ಲದ ಅವಧಿ: ಆ ಗಡಿಗೆ ದಿನದ ಬಹುಭಾಗವನ್ನು ಈ ಅಪಾಯದ ಸೀಮೆಯಲ್ಲಿಯೇ ಕಳೆದಿತ್ತು. ಚೆಲ್ಲಿದ್ದೇ ಕ್ಷೇಮ.

ಹಾಗೆಂದು ಪಾತ್ರೆಯನ್ನು ದೂಷಿಸುವುದು ಸಲ್ಲದು. ಮಂದ ಶಾಖದ ಅಡಿಗೆ ಹೊಸದೂ ಅಲ್ಲ, ಪರದೇಶದಿಂದ ಬಂದದ್ದೂ ಅಲ್ಲ. ವಿದ್ಯುತ್ತಿನ ಗಡಿಗೆಯನ್ನು ರೂಪಿಸಿದವನು ಅಮೆರಿಕದ ಶಿಕಾಗೋ ನಗರದ ಇರ್ವಿಂಗ್ ನ್ಯಾಕ್ಸನ್. 1940ರಲ್ಲಿ ಅವನಿಗೆ ಅದರ ಹಕ್ಕುಪತ್ರ ದೊರೆಯಿತು. ಅವನಿಗೆ ಈ ಯೋಚನೆ ಬಂದುದು ಮನೆಯ ಹಿರಿಯರ ಕಥೆಯಿಂದ. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಶನಿವಾರ ಒಲೆ ಹೊತ್ತಿಸುವಂತಿಲ್ಲ. ಆದುದರಿಂದ ಶುಕ್ರವಾರ ಸಂಜೆ ಕಾಳು ಮಾಂಸಗಳ ಗಡಿಗೆಯನ್ನು ರೊಟ್ಟಿಯಂಗಡಿಯ ಆರುತ್ತಿರುವ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ರಾತ್ರಿಯೆಲ್ಲ ಅದು ತಾನೇ ಬೇಯುತ್ತಿತ್ತು. ಮುಂದೆ 1971ರಲ್ಲಿ ಬೇರೊಂದು ಸಂಸ್ಥೆ ಅದೇ ಪಾತ್ರೆಗೆ ಕ್ರಾಕ್‌ಪಾಟ್ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದಾಗ, ಹೊರಗೆ ದುಡಿಯಲು ಹೊರಟಿದ್ದ ಅಲ್ಲಿಯ ಹೆಂಗಸರು ಅದನ್ನು ಕೈಚಾಚಿ ಸ್ವೀಕರಿಸಿದರು. ಅದಕ್ಕೂ ಬಹಳ ಮೊದಲು, 1910ರಲ್ಲಿ, ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕರು ಇಕ್ಮಿಕ್ ಕುಕ್ಕರನ್ನು ನಿರ್ಮಿಸಿದ್ದರು. ತಳದಲ್ಲಿ ಒಂದಿಷ್ಟು ಕೆಂಡ, ಮೇಲೆ ಒಂದರ ಮೇಲೊಂದು ಡಬ್ಬಿ. ಅನ್ನ, ಬೇಳೆ, ಮಾಂಸ ಎಲ್ಲವೂ ಯಜಮಾನನು ಕಚೇರಿಯಿಂದ ಮರಳುವಷ್ಟರಲ್ಲಿ ಸಿದ್ಧ.

ಕನ್ನಡದ ಮನೆಗಳಿಗೆ ಇದಾವುದೂ ಬೇಕಿರಲಿಲ್ಲ. ಅಲ್ಲಿ ಕೋಡೊಲೆ ಇತ್ತು. ದೊಡ್ಡ ಒಲೆಯ ಬೆನ್ನಿಗೆ ಅಂಟಿಕೊಂಡ ಈ ಚಿಕ್ಕ ಒಲೆಗೆ ಬೇರೆ ಕಟ್ಟಿಗೆ ಹಾಕುವಂತಿಲ್ಲ. ದೊಡ್ಡ ಒಲೆಯಲ್ಲಿ ರೊಟ್ಟಿ ಬೇಯುತ್ತಿರುವಾಗ ವ್ಯರ್ಥವಾಗಿ ಹೋಗಬಹುದಾದ ಬಿಸಿಯೇ ಅದರ ಉರಿ. ಹಾಲು ಕೆನೆಗಟ್ಟುವುದು, ಬೇಳೆ ಬೇಯುವುದು, ಮಾಂಸದ ಸಾರು ಹದಗೊಳ್ಳುವುದು ಎಲ್ಲವೂ ಅಲ್ಲಿಯೇ. ಅದರ ಮೇಲೆ ಕೂರುತ್ತಿದ್ದುದು ಮಣ್ಣಿನ ಗಡಿಗೆ. ಬೆಳಗಾವಿಯವರು ಇದಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ; ನೆರೆಯ ಖಾನಾಪುರ ತಾಲ್ಲೂಕಿನ ಜೇಡಿಮಣ್ಣು ಹೆಂಚಿಗೂ ಗಡಿಗೆಗೂ ಹೆಸರಾದುದು. ಕುಂಬಾರಿಕೆಯ ತರಬೇತಿಗೆಂದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಸಂಸ್ಥೆ ನೆಲೆಗೊಂಡದ್ದೂ ಖಾನಾಪುರದಲ್ಲಿಯೇ. ಮಣ್ಣು ಬಿಸಿಯನ್ನು ನಿಧಾನವಾಗಿ ಹೀರಿ ನಿಧಾನವಾಗಿ ಬಿಡುತ್ತದೆ. ವಿದ್ಯುತ್ ಗಡಿಗೆಯ ದಪ್ಪ ಪಿಂಗಾಣಿ ಮಾಡುವುದೂ ಇಷ್ಟೇ. ಅತ್ತೆಯ ಅಡಿಗೆಮನೆಯ ಮೂಲೆಯಲ್ಲಿ ಬೋರಲಾಗಿ ಬಿದ್ದಿದ್ದ ಹಳೆಯ ಗಡಿಗೆಗೂ ಸೊಸೆಯ ಹೊಸ ಪಾತ್ರೆಗೂ ರಕ್ತಸಂಬಂಧ ಉಂಟು.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಖೀಮಾಕ್ಕೆ ಇಷ್ಟು ನಿಧಾನ ಬೇಕಾಗಿಲ್ಲ. ಕಾಲಿನ ಎಲುಬು, ಮೊಣಕಾಲಿನ ಕೀಲು, ಭುಜದ ಗಟ್ಟಿ ತುಂಡು ಇವುಗಳಲ್ಲಿ ನಾರಿನಂತಹ ಕೊಲಾಜೆನ್ ಎಂಬ ಪದಾರ್ಥ ಬಹಳ. ಅದು ಕರಗಿ ಮೆತ್ತನೆಯ ಅಂಟಾಗಲು ಗಂಟೆಗಟ್ಟಲೆ ಮಂದ ಶಾಖ ಬೇಕು. ಅಲ್ಲಿ ನಿಧಾನವೇ ರುಚಿ. ಖೀಮಾದಲ್ಲಾದರೋ ಆ ನಾರನ್ನು ಯಂತ್ರದ ಅಲಗೇ ಕತ್ತರಿಸಿಬಿಟ್ಟಿರುತ್ತದೆ. ಕುದಿಯುವ ಸಾರಿನಲ್ಲಿ ಇಪ್ಪತ್ತೈದು ನಿಮಿಷದಲ್ಲಿ ಉಂಡೆ ಬೇಯುತ್ತದೆ. ಹೊರದೇಶದ ಅಡಿಗೆ ಪುಸ್ತಕಗಳನ್ನು ನಂಬಿ ಎಂಟು ಗಂಟೆ ಇಟ್ಟರೆ, ಕೊಬ್ಬು ಕಡಿಮೆಯಿರುವ ನಮ್ಮ ಆಡು ಕುರಿಗಳ ಖೀಮಾ ಒಣಗಿ ಮರಳಿನಂತಾಗುತ್ತದೆ. ನಿಧಾನ ಬೇಕಾಗಿರುವುದು ಮಾಂಸಕ್ಕಲ್ಲ, ಅಡಿಗೆ ಮಾಡುವವಳಿಗೆ. ಮೂರು ನಾಲ್ಕು ಗಂಟೆ ಅವಳು ಕಣ್ಣೆತ್ತಿ ನೋಡದಿದ್ದರೂ ತಳ ಹಿಡಿಯದ, ಉಕ್ಕಿ ಚೆಲ್ಲದ, ಬಂದಾಗ ಬಿಸಿಯಾಗಿರುವ ಊಟವೇ ಇದರ ಲಾಭ. ಇದನ್ನು ಅರಿತು ಮಾಡಿದರೆ ಅಡಿಗೆ ಸುಲಭ. ಅರಿಯದೆ ಮಾಡಿದರೆ ಆ ರವಿವಾರದ ಗತಿ.

ಉತ್ತರ ಕರ್ನಾಟಕದಲ್ಲಿ ಖೀಮಾ ಉಂಡೆಯೆಂದರೆ ಸಾವಜಿ ಖಾನಾವಳಿಗಳ ನೆನಪು ಮೊದಲು ಬರುತ್ತದೆ. ಹುಬ್ಬಳ್ಳಿ, ಗದಗ, ಬೆಳಗಾವಿಗಳಲ್ಲಿ ನೆಲೆಸಿದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಕೈಯಡಿಗೆ ಅದು. ಅವರ ಹಳೆಯ ಕಸುಬೂ ನೇಯ್ಗೆಯೇ. ಒಣಕೊಬ್ಬರಿ, ಗಸಗಸೆ, ಕೆಂಪು ಖಾರ ಇವು ಆ ಸಾರಿನ ಮೂರು ಕಂಬಗಳು. ಖಾನಾವಳಿಯ ಖಾರ ಮಕ್ಕಳಿರುವ ಮನೆಗೆ ಒಗ್ಗದು. ಕೆಳಗಿನ ಅಳತೆ ಆರು ಮಂದಿಯ ಸಂಸಾರಕ್ಕೆ ಹೊಂದುವಂತೆ ತುಸು ಮೃದುಗೊಳಿಸಿದ್ದು.

ಮಾಂಸದಂಗಡಿಯಲ್ಲಿಯೇ ಕೆಲಸ ಅರ್ಧ ಆಗಬೇಕು. ಭುಜದ ಅಥವಾ ತೊಡೆಯ ಮಾಂಸವನ್ನು ತುಸು ಚರ್ಬಿಯೊಡನೆ ಆರಿಸಿ, ಕಣ್ಣೆದುರಿಗೆ ಎರಡು ಸಲ ಯಂತ್ರಕ್ಕೆ ಹಾಕಿಸಬೇಕು. ತೊಳೆಯುವುದಿದ್ದರೆ ಕೊಚ್ಚುವ ಮೊದಲೇ ತೊಳೆಸತಕ್ಕದ್ದು. ಖೀಮಾವನ್ನು ಮನೆಗೆ ತಂದು ನೀರಿನಲ್ಲಿ ತೊಳೆದರೆ ಅದು ನೀರು ಕುಡಿದು ಸಡಿಲವಾಗುತ್ತದೆ. ಅಂತಹ ಉಂಡೆ ಸಾರಿನಲ್ಲಿ ಒಡೆಯದೆ ಇರದು.

ಅರ್ಧ ಕಿಲೋ ಖೀಮಾಕ್ಕೆ ಮೊದಲು ಒಂದೂಕಾಲು ಚಹ ಚಮಚ ಉಪ್ಪನ್ನು ಹಾಕಿ, ಬೇರೇನನ್ನೂ ಸೇರಿಸದೆ, ಮೂರು ನಾಲ್ಕು ನಿಮಿಷ ಅಂಗೈಯಿಂದ ಮಿದಿಯಬೇಕು. ಉಪ್ಪು ಮಾಂಸದೊಳಗಿನ ಅಂಟಿನ ಅಂಶವನ್ನು ಹೊರಗೆಳೆಯುತ್ತದೆ. ಖೀಮಾ ಬೆರಳಿಗೆ ಹತ್ತತೊಡಗಿದರೆ ಹದ ಬಂತೆಂದು ತಿಳಿಯಬೇಕು. ಈ ಒಂದು ಕೆಲಸ ಸರಿಯಾಗಿ ಆದರೆ ಹಿಟ್ಟನ್ನು ಸುರಿಯಬೇಕಾಗುವುದಿಲ್ಲ. ಆಮೇಲೆ ನಾಲ್ಕು ದೊಡ್ಡ ಚಮಚ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಹಿಟ್ಟು, ಸಣ್ಣಗೆ ಹೆಚ್ಚಿ ನೀರು ಹಿಂಡಿದ ಒಂದು ಉಳ್ಳಾಗಡ್ಡಿ, ಎರಡು ಚಹ ಚಮಚ ಶುಂಠಿ ಬೆಳ್ಳುಳ್ಳಿಯ ಅರೆದ ಮುದ್ದೆ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಒಂದು ಚಹ ಚಮಚ ಗಸಗಸೆ, ಚಿಟಿಕೆ ಅರಿಸಿನ ಇವುಗಳನ್ನು ಬೆರೆಸಬೇಕು. ಕೈಯನ್ನು ಒದ್ದೆ ಮಾಡಿಕೊಂಡು ಸಣ್ಣ ನಿಂಬೆಹಣ್ಣಿನಷ್ಟು ಗಾತ್ರದ ಇಪ್ಪತ್ತನಾಲ್ಕು ಉಂಡೆಗಳನ್ನು ಕಟ್ಟಬೇಕು. ಎಲ್ಲವೂ ಒಂದೇ ಅಳತೆಯಾಗಿರುವುದು ಅಂದಕ್ಕಾಗಿ ಅಲ್ಲ. ಒಂದು ಬೆಂದು ಇನ್ನೊಂದು ಹಸಿಯಾಗಿ ಉಳಿಯಬಾರದೆಂದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಉಂಡೆ ಬಿಗಿಯುತ್ತದೆ.

ಮಸಾಲೆಯಲ್ಲಿ ಮೈಗಳ್ಳತನ ಸಲ್ಲದು. ಮಂದ ಶಾಖದ ಪಾತ್ರೆ ಹುರಿಯಲಾರದು. ಅದರಲ್ಲಿ ಹಸಿ ಉಳ್ಳಾಗಡ್ಡಿ ಐದು ಗಂಟೆಯಾದರೂ ಹಸಿವಾಸನೆ ಬಿಡುವುದಿಲ್ಲ. ಎಲ್ಲವನ್ನೂ ಒಮ್ಮೆಲೇ ಸುರಿದು ಗುಂಡಿ ತಿರುಗಿಸಿದರಾಯಿತು ಎಂಬುದು ಜಾಹೀರಾತಿನ ಮಾತು. ಅರ್ಧ ಬಟ್ಟಲು ಒಣಕೊಬ್ಬರಿ ತುರಿ, ಒಂದು ದೊಡ್ಡ ಚಮಚ ಗಸಗಸೆ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ನಾಲ್ಕು ಲವಂಗ, ಬೆರಳುದ್ದದ ದಾಲ್ಚಿನ್ನಿ ಇವನ್ನು ಬೇರೆ ಬೇರೆಯಾಗಿ ಹುರಿದು, ಕೆಂಡದ ಮೇಲೋ ಗ್ಯಾಸಿನ ಉರಿಯಲ್ಲೋ ಸುಟ್ಟ ಒಂದು ಉಳ್ಳಾಗಡ್ಡಿಯೊಡನೆ ನುಣ್ಣಗೆ ಅರೆಯಬೇಕು. ಕೊಲ್ಲಿ ದೇಶಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಗಸಗಸೆ ನಿಷಿದ್ಧ ವಸ್ತು. ಊರಿನಿಂದ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುವ ಪ್ರೀತಿ ಅಲ್ಲಿ ದೊಡ್ಡ ತೊಂದರೆಗೆ ಕಾರಣವಾದೀತು. ಅವರು ಗೋಡಂಬಿಯನ್ನು ಅರೆದು ಹಾಕುವುದು ಒಳ್ಳೆಯದು.

ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ ಮೊದಲು ಉಂಡೆಗಳನ್ನು ಐದು ನಿಮಿಷ ಹೊರಳಿಸಿ ಮೇಲ್ಮೈ ಕೆಂಪಗಾಗಿಸಿ ತೆಗೆಯಬೇಕು. ಒದ್ದೆ ಶಾಖ ನೂರು ಡಿಗ್ರಿ ದಾಟುವುದಿಲ್ಲವಾದ್ದರಿಂದ ಈ ಕೆಂಬಣ್ಣವೂ ಅದರ ಪರಿಮಳವೂ ಗಡಿಗೆಯೊಳಗೆ ಎಂದಿಗೂ ಬರಲಾರವು. ಅದೇ ಎಣ್ಣೆಯಲ್ಲಿ ಹೆಚ್ಚಿದ ಎರಡು ಉಳ್ಳಾಗಡ್ಡಿ, ಎರಡು ಟೊಮೇಟೊ, ಅರೆದ ಮಸಾಲೆ, ಎರಡು ಚಹ ಚಮಚ ಬ್ಯಾಡಗಿ ಖಾರದ ಪುಡಿ ಇವುಗಳನ್ನು ಎಣ್ಣೆ ಬಿಡುವವರೆಗೆ ಹುರಿಯಬೇಕು. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಚುರುಕು ಬೇಕೆನ್ನುವವರು ಬೆಳಗಾವಿ ಜಿಲ್ಲೆಯದೇ ಆದ ಸಂಕೇಶ್ವರದ ಮೆಣಸಿನಕಾಯಿಯ ಪುಡಿಯನ್ನು ಅರ್ಧ ಚಮಚ ಸೇರಿಸಬಹುದು. ಅದಕ್ಕಿಂತ ಹೆಚ್ಚಾದರೆ ಮಕ್ಕಳು ನೀರಿನ ತಂಬಿಗೆಗೆ ಕೈ ಹಾಕುತ್ತಾರೆ.

ಇನ್ನು ನೀರು. ವಿದ್ಯುತ್ ಗಡಿಗೆಯಲ್ಲಿ ಹಬೆ ಮುಚ್ಚಳಕ್ಕೆ ತಗಲಿ ಮತ್ತೆ ಒಳಗೇ ಬೀಳುತ್ತದೆ. ನೀರು ಆರುವುದೇ ಇಲ್ಲವೆನ್ನಬೇಕು. ಎರಡೇ ಬಟ್ಟಲು ಸಾಕು. ಎರಡು ಬಟ್ಟಲು ಕುದಿಯುವ ನೀರನ್ನು ಹುರಿದ ಮಸಾಲೆಗೆ ಸುರಿದು, ಅದು ತಳಮಳನೆ ಕುದಿಯುತ್ತಿರುವಾಗ ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಹತ್ತು ನಿಮಿಷ ಗ್ಯಾಸಿನ ಮೇಲೆಯೇ ಕುದಿಸಿ, ಆನಂತರ ಗಡಿಗೆಗೆ ವರ್ಗಾಯಿಸಬೇಕು. ಗಡಿಗೆಯನ್ನೂ ಬಿಸಿನೀರಿನಿಂದ ಬೆಚ್ಚಗೆ ಮಾಡಿಟ್ಟಿರಬೇಕು; ತಣ್ಣನೆಯ ಪಿಂಗಾಣಿಗೆ ಕುದಿಯುವ ಸಾರು ಸುರಿದರೆ ಬಿರುಕು ಬಿಟ್ಟೀತು. ಹೀಗೆ ಮಾಡಿದಾಗ ಅಪಾಯದ ಸೀಮೆ ಒಲೆಯ ಮೇಲೆಯೇ ದಾಟಿಹೋಗುತ್ತದೆ. ವಿದ್ಯುತ್ ಗಡಿಗೆಗೆ ಉಳಿಯುವುದು ಬಿಸಿಯನ್ನು ಕಾಪಾಡುವ ಕೆಲಸ ಮಾತ್ರ. ಮಂದದ ನೆಲೆಯಲ್ಲಿ ಮೂರರಿಂದ ನಾಲ್ಕು ಗಂಟೆ. ಜೋರಿನಲ್ಲಾದರೆ ಎರಡು ಗಂಟೆ. ಮುಚ್ಚಳವನ್ನು ಒಂದು ಸಲ ತೆರೆದರೆ ಹೋದ ಬಿಸಿ ಮರಳಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಬೇಕು. ಗಾಜಿನ ಮುಚ್ಚಳವಿರುವುದು ಹೊರಗಿನಿಂದ ನೋಡಲಿಕ್ಕಾಗಿ.

ವಿದ್ಯುತ್ತು ಹೋದರೆ? ಮನೆಯಲ್ಲಿ ಜನರಿದ್ದರೆ ಸಾರನ್ನು ಕೂಡಲೇ ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಮುಗಿಸಬೇಕು. ಪಿಂಗಾಣಿ ಗಡಿಗೆಯನ್ನೇ ಉರಿಯ ಮೇಲೆ ಇಡುವ ಸಾಹಸ ಕೂಡದು, ಒಡೆಯುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲಿ ವಿದ್ಯುತ್ತು ಹೋಗಿ, ಎಷ್ಟು ಹೊತ್ತು ಇರಲಿಲ್ಲವೆಂಬುದೇ ತಿಳಿಯದಿದ್ದರೆ ಆ ಊಟವನ್ನು ನಂಬಬಾರದು.

ವಿದ್ಯುತ್ ಗಡಿಗೆ ಇಲ್ಲದವರು ಕೊರಗಬೇಕಾಗಿಲ್ಲ. ಮಣ್ಣಿನ ಗಡಿಗೆಯನ್ನು ಗ್ಯಾಸಿನ ಚಿಕ್ಕ ಉರಿಯ ಮೇಲೆ, ನಡುವೆ ಹಳೆಯ ಕಬ್ಬಿಣದ ತವೆಯೊಂದನ್ನಿಟ್ಟು ಕೂರಿಸಿದರೆ ಅದೇ ಕೋಡೊಲೆ. ನೀರು ಮೂರೂವರೆ ಬಟ್ಟಲು ಬೇಕು. ಒಂದು ಗಂಟೆಯಲ್ಲಿ ಸಾರು ಹದಕ್ಕೆ ಬರುತ್ತದೆ, ಆದರೆ ಉರಿಯ ಕಡೆ ಒಂದು ಕಣ್ಣಿರಬೇಕು. ಹೊಸ ಗಡಿಗೆಯನ್ನು ಒಂದು ಇಡೀ ದಿನ ನೀರಿನಲ್ಲಿ ನೆನೆಸಿ, ಅಕ್ಕಿ ತೊಳೆದ ನೀರನ್ನು ಅದರಲ್ಲಿ ಸಣ್ಣಗೆ ಕುದಿಸಿ ಚೆಲ್ಲಿದ ಮೇಲೆಯೇ ಬಳಸತಕ್ಕದ್ದು. ಒಳಗೆ ಹೊಳೆಯುವ ಬಣ್ಣದ ಲೇಪವಿರುವ ಅಲಂಕಾರದ ಗಡಿಗೆಗಳು ಅಡಿಗೆಗೆ ಬೇಡ. ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ, ಹುಳಿ ತಗಲಿದರೆ ಅದು ಆಹಾರಕ್ಕೆ ಇಳಿಯುತ್ತದೆ.

ಮಾಂಸ ತಿನ್ನದ ಮನೆಗಳಲ್ಲಿ ಕಡಲೆ ಬೇಳೆಯ ಉಂಡೆ ಮಾಡಬಹುದು. ಎರಡು ಬಟ್ಟಲು ಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ನೀರಿಲ್ಲದೆ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕೊಬ್ಬರಿ ಬೆರೆಸಿ, ನುಚ್ಚಿನುಂಡೆಯಂತೆ ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸಿಕೊಳ್ಳಬೇಕು. ಬೇಳೆಯ ಉಂಡೆ ಗಂಟೆಗಟ್ಟಲೆ ಸಾರಿನಲ್ಲಿ ಕೂತರೆ ಕರಗಿ ಝುಣಕದಂತಾಗುತ್ತದೆ. ಆದ್ದರಿಂದ ಸಾರು ಮಾತ್ರ ನಿಧಾನವಾಗಿ ಆಗಲಿ. ಉಂಡೆಗಳನ್ನು ಊಟಕ್ಕೆ ಅರ್ಧ ಗಂಟೆಯಿರುವಾಗ ಬಿಡಬೇಕು. ಕಾಳಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ: ರಾಜ್ಮಾವನ್ನು ಹಸಿಯಾಗಿ ಮಂದ ಶಾಖದ ಪಾತ್ರೆಗೆ ಎಂದೂ ಹಾಕಕೂಡದು. ಅದರಲ್ಲಿರುವ ಒಂದು ವಿಷಾಂಶ ಜೋರಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಹಾಗೆಯೇ ಉಳಿದು ವಾಂತಿಗೆ ಕಾರಣವಾಗುತ್ತದೆ.

ಶಹಾಪುರದ ಆ ಮನೆಯಲ್ಲಿ ಹೊಸ ಪಾತ್ರೆ ಮೂರು ವಾರ ಕಪಾಟಿನ ಮೇಲೆಯೇ ಕುಳಿತಿತ್ತು. ನಾಲ್ಕನೆಯ ರವಿವಾರ ಅತ್ತೆಯೇ ಅದನ್ನು ಕೆಳಗಿಳಿಸಿದಳು. ಸೊಸೆ ಖೀಮಾ ಮಿದಿದಳು; ಮಸಾಲೆ ಹುರಿದದ್ದು ಅತ್ತೆ. ಕುದಿ ಬಂದ ಮೇಲೆ ಉಂಡೆ ಬಿಟ್ಟು, ಹತ್ತೂವರೆಗೆ ಗಡಿಗೆಗೆ ಸುರಿದು ಮುಚ್ಚಿದರು. ಸೊಸೆ ಕಂಡಿಕೆಯ ಕೋಣೆಗೆ ಹೋದಳು. ಅತ್ತೆ ಗಡಿಗೆಯ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಳು. ನಡುವೆ ಮೊಮ್ಮಗನು ವಾಸನೆಗೆ ಬಂದು ಮುಚ್ಚಳಕ್ಕೆ ಕೈಯಿಟ್ಟಾಗ ಅವನ ಕೈಮೇಲೆ ಒಂದು ಏಟು ಬಿತ್ತು. ಅಂದು ವಿದ್ಯುತ್ತು ಹೋಗಲಿಲ್ಲ. ಎರಡು ಗಂಟೆಗೆ ಅತ್ತೆ ಒಂದು ಉಂಡೆಯನ್ನು ಮುರಿದು ನೋಡಿದಳು. ಒಳಗೂ ಹೊರಗೂ ಒಂದೇ ಕಂದು ಬಣ್ಣ, ಹಿಂಡಿದರೆ ತಿಳಿಯಾದ ರಸ. ಮೇಲೆ ಕೊತ್ತಂಬರಿ ಉದುರಿಸಿದಳು.

ಆರು ಮಂದಿಗೆ ಇಪ್ಪತ್ತನಾಲ್ಕು ಉಂಡೆ, ತಲೆಗೆ ನಾಲ್ಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಗಂಡಸರು ಮಕ್ಕಳು ಮೊದಲು ಕುಳಿತು, ಹೆಂಗಸರು ಕೊನೆಗೆ ಕೂರುವ ಮನೆಗಳಲ್ಲಿ ಈ ಲೆಕ್ಕ ನಿಲ್ಲುವುದು ವಿರಳ. ಇನ್ನೊಂದು ಹಾಕು, ಇನ್ನೊಂದು ಹಾಕು ಎಂಬ ಒತ್ತಾಯದಲ್ಲಿ ಕೊನೆಗೆ ಗಡಿಗೆಯ ತಳದಲ್ಲಿ ಉಳಿಯುವುದು ಸಾರು ಮಾತ್ರ. ಅಂದು ಅತ್ತೆ ಎಲೆ ಹಾಕುವ ಮೊದಲೇ ನಾಲ್ಕು ಉಂಡೆಗಳನ್ನು ಒಂದು ಬಟ್ಟಲಿಗೆ ತೆಗೆದು ತಟ್ಟೆ ಮುಚ್ಚಿದಳು. ಮಗನು ಅದೇನೆಂದು ಕೇಳಿದನು.

"ಕಂಡಿಕಿ ಸುತ್ತಾಕಿಂದು. ನೀ ನಿನ್ನ ಪಾಲಿಂದು ಉಣ್ಣು."

ಜೋಳದ ರೊಟ್ಟಿ, ಬಿಸಿ ಅನ್ನ, ಹಸಿ ಉಳ್ಳಾಗಡ್ಡಿ, ನಿಂಬೆಹೋಳು ಇದ್ದರೆ ಈ ಊಟಕ್ಕೆ ಬೇರೇನೂ ಬೇಡ. ಬೇಕಾದರೆ ಗಜ್ಜರಿಯ ಕೋಸಂಬರಿ ಮಾಡಬಹುದು. ಊಟವಾದ ಮೇಲೆ ಉಳಿದುದನ್ನು ವಿದ್ಯುತ್ ಗಡಿಗೆಯಲ್ಲಿ ಹಾಗೆಯೇ ಬಿಡಬಾರದು. ದಪ್ಪ ಪಿಂಗಾಣಿ ಬೇಗ ಆರುವುದಿಲ್ಲ. ಅದೇ ಅದರ ಗುಣ, ಇಲ್ಲಿ ಅದೇ ದೋಷ. ಅಗಲವಾದ ಪಾತ್ರೆಗೆ ಸುರಿದು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಬಿಸಿ ಮಾಡುವುದು ಒಲೆಯ ಮೇಲೆಯೇ, ಕುದಿ ಬರುವವರೆಗೆ; ತಣ್ಣಗಾದುದನ್ನು ಮತ್ತೆ ಮಂದ ಶಾಖದ ಗಡಿಗೆಗೆ ಹಾಕುವಂತಿಲ್ಲ. ಒಂದು ರಾತ್ರಿ ಕಳೆದ ಸಾರು ಮೊದಲ ದಿನದ್ದಕ್ಕಿಂತ ರುಚಿಯೆಂದು ಆ ಮನೆಯ ಅತ್ತೆಯ ಅಭಿಪ್ರಾಯ. ಸೋಮವಾರ ಬೆಳಿಗ್ಗೆ ಅವಳು ಅದರಲ್ಲಿ ಹಿಂದಿನ ದಿನದ ರೊಟ್ಟಿಯನ್ನು ಮುರಿದು ಹಾಕಿ ನೆನೆಸಿ ಉಂಡಳು.